ಹೊಗಳಿಕೆಯ ಕಂಬ, ಗುಳ್ಳಕಾಯಿಯ ಹಾಲು

ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ತ್ಯಾಗದ ಬ್ರಹ್ಮದೇವರ ಕಂಬವಿದೆ. ಗಂಗರ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯನ ಕುಲವನ್ನೂ ಯುದ್ಧವಿಜಯಗಳನ್ನೂ ಕೊಂಡಾಡುವ ಶಾಸನ ಅದರ ಮೇಲಿತ್ತು. ಈಗ ಉಳಿದಿರುವುದು ಉತ್ತರ ಮುಖದ ಭಾಗ ಮಾತ್ರ. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನೆಂಬುವನು ತನ್ನ ಎರಡೂವರೆ ಸಾಲಿನ ಬರೆಹಕ್ಕಾಗಿ ಉಳಿದ ಮೂರು ಮುಖಗಳ ಬರೆಹವನ್ನು ಅಳಿಸಿಹಾಕಿಸಿರಬೇಕೆಂಬುದು ವಿದ್ವಾಂಸರ ಅಭಿಪ್ರಾಯ. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಬೆಳಗೊಳದ ಶಾಸನ ಸಂಪುಟದಿಂದ ಈ ಸಂಗತಿ ಎಲ್ಲರಿಗೂ ಪರಿಚಿತವಾಯಿತು. ಅಳಿದ ಭಾಗದಲ್ಲಿ ಏನಿತ್ತೆಂಬುದನ್ನು ಇನ್ನು ಯಾರೂ ಓದಲಾರರು.

ಕಣ್ಣನಿಗಿಂತ ಎರಡೂವರೆ ಶತಮಾನ ಮೊದಲೇ ಕನ್ನಡ ಕಾವ್ಯ ಈ ಮನೋಧರ್ಮವನ್ನು ಕಂಡಿತ್ತು. ಪಂಪನ 941ರ ಆದಿಪುರಾಣದಲ್ಲಿ ದಿಗ್ವಿಜಯ ಮುಗಿಸಿದ ಭರತ ತನ್ನ ಪ್ರಶಸ್ತಿಯನ್ನು ಕೆತ್ತಿಸಲೆಂದು ವೃಷಭಾಚಲಕ್ಕೆ ಬರುತ್ತಾನೆ. ಅಲ್ಲಿ ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳಿಂದ ಬೆಟ್ಟವೇ ತುಂಬಿಹೋಗಿದೆ. ಅವನ ಗರ್ವ ಕರಗುತ್ತದೆ. ಆದರೂ ಒಬ್ಬನ ಬರೆಹವನ್ನು ಅಳಿಸಿ ತನ್ನದನ್ನು ಬರೆಸುತ್ತಾನೆ. ಗರ್ವ ಕರಗುವುದು ಬೇರೆ, ಗರ್ವ ತೊಲಗುವುದು ಬೇರೆ. ತನಗಾಗಿ ಒಂದು ಬರೆಹವನ್ನು ಅಳಿಸಿದವನಿಗೆ, ನಾಳೆ ತನ್ನದನ್ನು ಅಳಿಸಲು ಇನ್ನೊಬ್ಬ ಬರುತ್ತಾನೆಂದು ಹೇಳುವವರು ಪರಿವಾರದಲ್ಲಿ ಇರಲಿಲ್ಲ.

ಹೀಬ್ರೂ ಧರ್ಮಗ್ರಂಥದ ದಾನಿಯೇಲನ ಭಾಗದಲ್ಲಿ ಇಂಥದೇ ಇಬ್ಬರು ಅರಸರಿದ್ದಾರೆ. ಬಾಬೆಲಿನ ನೆಬೂಕದ್ನೆಚ್ಚರ ಅರಮನೆಯ ಮಾಳಿಗೆಯ ಮೇಲೆ ನಿಂತು, ಈ ಮಹಾನಗರ ತನ್ನ ಬಲದಿಂದಲೇ ಆಯಿತೆಂದು ಬೀಗುತ್ತಾನೆ. ಆ ಗಳಿಗೆಯಲ್ಲೇ ದೇವರ ತೀರ್ಪಿನಿಂದ ಬುದ್ಧಿ ಕಳೆದುಕೊಂಡು ದನದಂತೆ ಹುಲ್ಲು ಮೇಯುತ್ತಾನೆ. ಕಣ್ಣನ್ನು ಮೇಲಕ್ಕೆತ್ತಿ ದೇವರನ್ನು ಸ್ಮರಿಸಿದಾಗಲೇ ಅವನಿಗೆ ಅರಿವು ಮರಳುತ್ತದೆ. ದಾರ್ಯಾವೆಷನದು ಇನ್ನೂ ಸೂಕ್ಷ್ಮವಾದ ಪ್ರಸಂಗ. 30 ದಿನ ಅರಸನಿಗಲ್ಲದೆ ಬೇರಾವ ದೇವರಿಗೂ ಮನುಷ್ಯನಿಗೂ ಪ್ರಾರ್ಥನೆ ಸಲ್ಲಕೂಡದೆಂಬ ಆಜ್ಞೆಗೆ ಅಧಿಕಾರಿಗಳು ಅವನಿಂದ ಮುದ್ರೆ ಹಾಕಿಸುತ್ತಾರೆ. ಮೇಲ್ನೋಟಕ್ಕೆ ಅದು ಅರಸನಿಗೆ ಸಂದ ಗೌರವ. ಒಳಗೆ ದಾನಿಯೇಲನಿಗೆ ಒಡ್ಡಿದ ಬಲೆ. ದಾನಿಯೇಲ ಸಿಂಹಗಳ ಗವಿಗೆ ಬೀಳುವ ದಿನ, ಅವನನ್ನು ಬಿಡಿಸಲು ಸಂಜೆಯವರೆಗೆ ಹೆಣಗಿದ ಅರಸ ತನ್ನ ಆಜ್ಞೆಗೆ ತಾನೇ ಸೆರೆಯಾಗಿದ್ದ. ಮುಖಸ್ತುತಿ ಹೊಗಳಿಸಿಕೊಂಡವನನ್ನೇ ಮೊದಲು ಕಟ್ಟಿಹಾಕುತ್ತದೆ.

ಎರಡು ಪರಂಪರೆಗಳೂ ಒಂದನ್ನೇ ಹೇಳುತ್ತವೆ ಎನ್ನುವುದು ಸರಿಯಾಗದು. ಅಲ್ಲಿ ಅಹಂಕಾರಿಯನ್ನು ತಗ್ಗಿಸುವವನು ದೇವರು. ಜೈನದರ್ಶನದಲ್ಲಿ ದಂಡಿಸುವ ಸೃಷ್ಟಿಕರ್ತನಿಲ್ಲ. ನಾಲ್ಕು ಕಷಾಯಗಳಲ್ಲಿ ಒಂದಾದ ಮಾನವೇ ಜೀವವನ್ನು ಕರ್ಮದಲ್ಲಿ ಬಿಗಿಯುತ್ತದೆ, ಉತ್ತಮ ಮಾರ್ದವವೇ ಅದನ್ನು ಸಡಿಲಿಸುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಕುಲ, ಬಲ, ಐಶ್ವರ್ಯಗಳ ಜೊತೆಗೆ ಪೂಜೆಯ ಮದವೂ ಇದೆ, ಜ್ಞಾನ ಮತ್ತು ತಪಸ್ಸಿನ ಮದಗಳೂ ಇವೆ. ಲೋಕದ ಮನ್ನಣೆಯೇ ಒಂದು ಮದವೆಂದು ಹೇಳಿದ ಈ ಪಟ್ಟಿ, ವಿದ್ವಾಂಸನನ್ನೂ ತಪಸ್ವಿಯನ್ನೂ ಬಿಟ್ಟಿಲ್ಲ.

ಬೆಳಗೊಳದ ಜನಪರಂಪರೆ ಇದನ್ನು ಒಬ್ಬ ಮುದುಕಿಯ ಮೂಲಕ ಹೇಳಿತು. ಗೊಮ್ಮಟನನ್ನು ಮಾಡಿಸಿದೆನೆಂಬ ಹೆಮ್ಮೆಯಿಂದ ಚಾವುಂಡರಾಯ ಎಷ್ಟು ಕೊಡ ಹಾಲೆರೆದರೂ ಮೂರ್ತಿ ಪೂರ್ತಿ ನೆನೆಯಲಿಲ್ಲ. ಗುಳ್ಳಕಾಯಿಯಲ್ಲಿ ಅಜ್ಜಿ ತಂದ ಹಾಲು ಅಡಿಯವರೆಗೂ ಹರಿಯಿತು. ಇದು ಇತಿಹಾಸವಲ್ಲ, ಐತಿಹ್ಯ. ಆದರೆ ಮಾಡಿಸಿದವನ ಹೆಸರು ಮೂರ್ತಿಯ ಪಾದದ ಬಳಿ ಕೆತ್ತಿರುವಾಗಲೇ, ಅದರೆದುರಿಗೆ ಗುಳ್ಳಕಾಯಜ್ಜಿಯ ಶಿಲ್ಪವನ್ನು ನಿಲ್ಲಿಸಿದ ಸಮಾಜದ ವಿವೇಕ ದೊಡ್ಡದು. ಅದು ದಾನಿಯ ಹೆಸರನ್ನು ಅಳಿಸಲಿಲ್ಲ, ಅವನ ಉಪಕಾರವನ್ನು ಮರೆಯಲೂ ಇಲ್ಲ. ಹೊಗಳುಭಟರು ಹೇಳದ ಮಾತನ್ನು ಮಾತ್ರ ಕಲ್ಲಿನಲ್ಲಿ ನಿಲ್ಲಿಸಿತು.

ಅಭಿನಂದನ ಗ್ರಂಥಗಳೂ ಬಿರುದುಗಳೂ ದಾನಿಗಳ ಫಲಕಗಳೂ ಹೆಚ್ಚುತ್ತಿರುವ ಈ ದಿನಗಳಲ್ಲಿ ಕೃತಜ್ಞತೆಗೂ ಮುಖಸ್ತುತಿಗೂ ನಡುವಣ ಗೆರೆ ಮಸುಕಾಗುತ್ತಿದೆ. ಕೃತಜ್ಞತೆ ಆದ ಕೆಲಸವನ್ನು ನೆನೆಯುತ್ತದೆ. ಮುಖಸ್ತುತಿ ಆಗಬೇಕಾದ ತನ್ನ ಕೆಲಸವನ್ನು ನೆನೆಯುತ್ತದೆ. ಹಿರಿಯರನ್ನು ಗೌರವಿಸುವ ಸಭೆಯಲ್ಲಿ ಅವರ ಬರೆಹದ ಒಂದು ಕೊರತೆಯನ್ನು ವಿನಯದಿಂದ ಹೇಳಲು ಎಡೆಯಿದ್ದರೆ ಅದು ನಿಜವಾದ ಗೌರವ. ಆ ಎಡೆಯಿಲ್ಲದ ಸಭೆ ಅವರಿಗೂ ಒಂದು ದಾರ್ಯಾವೆಷನ ಮುದ್ರೆಯನ್ನು ಸಿದ್ಧಪಡಿಸುತ್ತಿರುತ್ತದೆ.