ಮಾರಮ್ಮನ ಪ್ರಸಾದವೂ ಹುಂಡಿಯ ಲೆಕ್ಕವೂ

ಚಾಮರಾಜನಗರದ ಸೀಮೆಯಲ್ಲಾಗಲಿ, ಗುಂಡ್ಲುಪೇಟೆಯ ಸೀಮೆಯಲ್ಲಾಗಲಿ, ಮಾರಮ್ಮನ ಗುಡಿಯಿಲ್ಲದ ಊರನ್ನು ಹುಡುಕಬೇಕು. ಮಗುವಿಗೆ ಅಮ್ಮ ಆದರೆ ಬೇವಿನ ಸೊಪ್ಪು ಹಿಡಿದು ನಮ್ಮ ತಾಯಂದಿರು ಓಡುತ್ತಿದ್ದುದು ಅವಳ ಬಾಗಿಲಿಗೆ. ಹಬ್ಬ ಬಂದರೆ ತಂಬಿಟ್ಟಿನ ಆರತಿ ಹೊತ್ತು ನಡೆಯುವುದೂ ಅಲ್ಲಿಗೇ.

ಈ ಗುಡಿಗಳ ಪಾವಿತ್ರ್ಯ ಎಲ್ಲಿದೆ? ಗೋಪುರದಲ್ಲಿ ಎನ್ನುವವರಿದ್ದಾರೆ. ನಾನು ಹೇಳುತ್ತೇನೆ: ಪ್ರಸಾದಕ್ಕೆ ಚಾಚಿದ ಕೈಯಲ್ಲಿ. ಅಂಗಡಿಯಾತ ಅಕ್ಕಿಯನ್ನು ತೂಗಿ ಕೊಳ್ಳುತ್ತಾನೆ. ಗಿರಣಿಯ ಕೆಲಸಗಾರ ಬಟವಾಡೆಯ ಹಣವನ್ನು ಎರಡು ಸಲ ಎಣಿಸುತ್ತಾನೆ. ಇಬ್ಬರೂ ಪ್ರಸಾದವನ್ನು ಮಾತ್ರ ಪರೀಕ್ಷಿಸದೆ ಕಣ್ಣಿಗೊತ್ತಿ ತಿನ್ನುತ್ತಾರೆ. ಆ ನಂಬಿಕೆಯೇ ದೇವಿಯ ನಿಜವಾದ ಗರ್ಭಗುಡಿ.

ನಮ್ಮದೇ ಜಿಲ್ಲೆಯ ಹನೂರು ಕಡೆಯ ಸುಳ್ವಾಡಿಯಲ್ಲಿ ಆ ಗರ್ಭಗುಡಿ ಹಾಳಾಯಿತು. 2018ರ ಡಿಸೆಂಬರ್ 14ರಂದು ಕಿಚ್‌ಗುತ್ ಮಾರಮ್ಮನ ಗುಡಿಯಲ್ಲಿ ಗೋಪುರಕ್ಕೆ ಶಂಕುಸ್ಥಾಪನೆ. ಅಂದು ಹಂಚಿದ ಅನ್ನದಲ್ಲಿ ಬೆಳೆಗೆ ಹೊಡೆಯುವ ವಿಷ ಬೆರೆತಿತ್ತು. 17 ಮಂದಿ ಸತ್ತರು; ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅವರಲ್ಲಿ ಬಹುಮಂದಿ ಕೂಲಿನಾಲಿ ಮಾಡುವ ಬಡವರು. ಗುಡಿಯ ಆಡಳಿತ ಯಾರ ಕೈಯಲ್ಲಿರಬೇಕೆಂಬ ಜಗಳವೇ ಇದರ ಮೂಲವೆಂದು ಪೊಲೀಸರು ಆರೋಪಿಸಿದರು. ಅಪರಾಧಿ ಯಾರೆಂದು ಹೇಳುವುದು ನ್ಯಾಯಾಲಯದ ಕೆಲಸ. ಆದರೆ ಜಗಳ ದೇವಿಗಾಗಿ ಅಲ್ಲ, ಹುಂಡಿಗಾಗಿ ಎಂಬುದನ್ನು ತಿಳಿಯಲು ನಮಗೆ ವಕೀಲರು ಬೇಕಿಲ್ಲ.

ಗುಡಿಯನ್ನು ಮುಜರಾಯಿ ಇಲಾಖೆ ವಹಿಸಿಕೊಂಡಿತು. 2020ರ ಅಕ್ಟೋಬರಿನಲ್ಲಿ ಬಾಗಿಲು ಮತ್ತೆ ತೆರೆಯಿತು, ಭಕ್ತರೂ ಬಂದರು. ಬಂದವರನ್ನು ಮೂಢರೆಂದು ನಗುವವನು ಜನರನ್ನು ಅರಿಯದವನು. ವಿಷವಿಟ್ಟದ್ದು ತಾಯಿಯಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತು.

ಸಮಾಜವಾದಿಗೆ ಗುಡಿಯ ಗೊಡವೆ ಏಕೆ ಎಂದು ಕೆಲವು ಸಂಗಾತಿಗಳು ಕೇಳಬಹುದು. ಹುಂಡಿಗೆ ಬೀಳುವುದು ದುಡಿಯುವವರ ಕಾಸು. ಆದ್ದರಿಂದ ಗೊಡವೆ ನಮ್ಮದೇ. ಸರ್ಕಾರದ ಮೊಹರು ಬಿದ್ದ ಮಾತ್ರಕ್ಕೂ ಕೆಲಸ ಮುಗಿಯದು. 1997ರ ಧಾರ್ಮಿಕ ದತ್ತಿ ಕಾನೂನಿನಂತೆ ಮುಜರಾಯಿ ಗುಡಿಗಳ ವ್ಯವಸ್ಥಾಪನಾ ಸಮಿತಿಯಲ್ಲಿ 9 ಜನರಿರಬೇಕು. ಅವರಲ್ಲಿ ಇಬ್ಬರು ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಾದರೂ ಇರಬೇಕು. ಆ ಸ್ಥಾನಗಳಲ್ಲಿ ಊರ ಧಣಿಗಳು ಹೇಳಿದಲ್ಲಿ ಹೆಬ್ಬೆಟ್ಟು ಒತ್ತುವವರೇ ಕುಳಿತರೆ ಕಾನೂನು ಕಾಗದದಲ್ಲೇ ಉಳಿಯುತ್ತದೆ. ಮುಜರಾಯಿಗೆ ಸೇರದ ಬೀದಿಗುಡಿಗಳಿಗಂತೂ ನಾವೇ ಕಾವಲು.

ಆದ್ದರಿಂದ ಬಂಧುಗಳೇ, ಮುಂದಿನ ಮಾರಿಹಬ್ಬಕ್ಕೆ ಅವಶ್ಯ ಹೋಗಿರಿ, ಕೈ ಮುಗಿಯಿರಿ. ಬರುವ ಮುನ್ನ ಎರಡು ಮಾತು ಕೇಳಿರಿ: ಹುಂಡಿಯನ್ನು ಯಾರ ಮುಂದೆ ಎಣಿಸಿದಿರಿ? ಲೆಕ್ಕದ ಪಟ್ಟಿಯನ್ನು ಗುಡಿಯ ಗೋಡೆಗೆ ಏಕೆ ಅಂಟಿಸಿಲ್ಲ? ಕೇಳಿದ್ದಕ್ಕೆ ತಾಯಿ ಮುನಿಯಳು. ಮುನಿಯುವವರು ಯಾರೆಂದು ನಿಮಗೇ ಕಾಣುತ್ತದೆ.