ನಿಜಕಥೆಯಂತೆ! ಯಾರ ನಿಜ? ಯಾವೂರ ಕಥೆ?

ಕನ್ನಡದ ಯುವಕರೇ,

ಒಂದು ರೂಪಾಯಿಗೆ ವಿಮಾನದ ಟಿಕೆಟ್ ಕೊಟ್ಟು ದೇಶವನ್ನೇ ಬೆರಗಾಗಿಸಿದ ಗಂಡು ಯಾರು? ಬೆಂಗಳೂರಿನ ಕಾಲೇಜು ಹುಡುಗರನ್ನು ಕೇಳಿ ನೋಡಿ. ‘ಮಧುರೈ ಕಡೆಯ ಮಾರ’ ಎಂದು ಯಾರಾದರೂ ಹೇಳಿದರೆ ಆಶ್ಚರ್ಯಪಡಬೇಡಿ. 2020ರ ತಮಿಳು ಚಿತ್ರ ‘ಸೂರರೈ ಪೋಟ್ರು’ ಮಾಡಿದ ಕೆಲಸವದು.

ನಿಜ ಕೇಳಿ. ಆತ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಮೇಷ್ಟರ ಮಗ. ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, ಭೂಸೇನೆ ಸೇರಿ, 1971ರ ಯುದ್ಧ ಕಂಡು, ಊರ ಕಡೆ ಮರಳಿ ರೇಷ್ಮೆ ಕೃಷಿ ಮಾಡಿದವರು. 2003ರಲ್ಲಿ ಏರ್ ಡೆಕ್ಕನ್ ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ.

ಚಿತ್ರದಲ್ಲೇನಾಯಿತು? ಗೊರೂರು ಹೋಗಿ ಶೋಳವಂದಾನ್ ಬಂತು. ಭೂಸೇನೆ ಹೋಗಿ ವಾಯುಸೇನೆ ಬಂತು. ಐದು ರಾಷ್ಟ್ರಪ್ರಶಸ್ತಿಗಳೂ ಬಂದವು. 2024ರಲ್ಲಿ ಅದೇ ಕಥೆ ‘ಸರ್ಫಿರಾ’ ಎಂದು ಹಿಂದಿಗೆ ಹೋಯಿತು. ಅಲ್ಲಿ ನಾಯಕ ಮರಾಠಿಗ! ಎರಡು ಸಲ ತೆರೆಗೆ ಬಂದರೂ ಕನ್ನಡಿಗ ಒಂದು ಸಲವೂ ಕನ್ನಡಿಗನಾಗಿ ಬರಲಿಲ್ಲ.

‘ಹೆಸರು ಬದಲಿಸಿದ್ದಾರಲ್ಲ, ಬರೀ ಪ್ರೇರಣೆ’ ಎನ್ನುವವರಿದ್ದಾರೆ. ಕಲ್ಪನೆ ಬಹಳ ಬೆರೆತಿದೆ ಎಂದರೂ ಗೋಪಿನಾಥರೇ ಚಿತ್ರವನ್ನು ಮೆಚ್ಚಿದರು. ಅದು ಅವರ ದೊಡ್ಡತನ. ತಮಿಳು ಕಲಾವಿದರ ಶ್ರಮದ ಮೇಲೂ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಪ್ರಚಾರಕ್ಕೆ ನಿಜಜೀವನ ಬೇಕು, ಪ್ರಶ್ನೆ ಎದ್ದಾಗ ಕಲ್ಪನೆ ಬೇಕು ಎಂದರೆ ಹೇಗೆ? ಎರಡು ದೋಣಿಯಲ್ಲಿ ಕಾಲಿಡುವ ಈ ಚಾಳಿ ಯಾವ ಭಾಷೆಯ ಚಿತ್ರರಂಗಕ್ಕೂ ಶೋಭೆಯಲ್ಲ, ನಮ್ಮದಕ್ಕೂ ಸೇರಿ.

ಎರಡು ಪುಟದ ಕರಪತ್ರ ಅಚ್ಚು ಹಾಕಿದರೂ ಅಡಿಯಲ್ಲಿ ಮುದ್ರಣಾಲಯದ ಹೆಸರು, ಊರು ಹಾಕುತ್ತೇವೆ. ಕೋಟಿಗಟ್ಟಲೆ ಸುರಿದು ಒಬ್ಬನ ಬದುಕನ್ನು ತೆರೆಗೆ ತರುವವರು ಇದು ಯಾರ ಬದುಕು, ಯಾವ ಊರು, ಏನು ಬದಲಿಸಿದ್ದೇವೆ ಎಂದು ಮೊದಲಲ್ಲೇ ದಪ್ಪ ಅಕ್ಷರದಲ್ಲಿ ಹೇಳಲಿ. ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುವ ಸಣ್ಣಕ್ಷರ ಸಾಲದು.

ಇನ್ನು ನಮ್ಮವರು! ಗೋಪಿನಾಥರ ಆತ್ಮಕಥೆ ಆ ತಮಿಳು ಚಿತ್ರಕ್ಕೂ ಸುಮಾರು ಹತ್ತು ವರ್ಷ ಮೊದಲೇ ಅಂಗಡಿಯಲ್ಲಿತ್ತು. ಗಾಂಧಿನಗರದವರು ಲಾಂಗು ಮಚ್ಚು ಬಿಟ್ಟು ಆ ಕಡೆ ನೋಡಿದ್ದರೆ ಗೊರೂರಿನ ಹುಡುಗ ಗೊರೂರಿನ ಮಾತಿನಲ್ಲೇ ತೆರೆಯ ಮೇಲೆ ಹಾರುತ್ತಿದ್ದ. ನಮ್ಮ ಕಥೆಯನ್ನು ನಾವು ಹೇಳದಿದ್ದರೆ ಬೇರೆಯವರು ಅವರಿಗೆ ಬೇಕಾದ ಹಾಗೆ ಹೇಳುತ್ತಾರೆ. ಆಮೇಲೆ ನಮ್ಮ ಮಕ್ಕಳು ಅದನ್ನೇ ಇತಿಹಾಸವೆಂದು ನಂಬುತ್ತಾರೆ.

ಚಿತ್ರ ನೋಡಿ, ಚಪ್ಪಾಳೆ ತಟ್ಟಿ, ಬೇಡವೆನ್ನುವುದಿಲ್ಲ. ಆದರೆ ಪಕ್ಕದಲ್ಲಿ ಕುಳಿತ ಗೆಳೆಯನಿಗೆ ಗೊರೂರಿನ ಹೆಸರು ಹೇಳಿ ಎದ್ದು ಬನ್ನಿ.