ಕೇಳೋ ಡೈರಿ 7: ಅಜ್ಜನ ರೆಕಾರ್ಡ್ ತೂಕಕ್ಕ ಹಾಕಬ್ಯಾಡ್ರಿ

ದೋಸ್ತ್ರ, ನಿಮ್ಮ ಮನ್ಯಾಗ ಹಳೇ ರೆಕಾರ್ಡ್ ಅದಾವೇನು?

ಹೋದ ವಾರ ಖಾನಾಪುರಕ್ಕ ಹೋಗಿದ್ದೆ. ಅಜ್ಜ ಕೂಡಿಟ್ಟಿದ್ದ ರೆಕಾರ್ಡುಗಳಲ್ಲಿ ಅರ್ಧ ಆಗಲೇ ಮೋಡ್ಕಾಕ್ಕ ಹೋಗಿದ್ದವು. ಉಳಿದವನ್ನು ಬಸ್ಸಿನ್ಯಾಗ ತೊಡೆ ಮ್ಯಾಲೆ ಇಟ್ಕೊಂಡು ಬೆಳಗಾವಿಗೆ ತಂದೆ. 78 ಆರ್‌ಪಿಎಂ ರೆಕಾರ್ಡ್ ಅರಗಿನದು, ಬಿದ್ರ ಚೂರು.

"ಎಲ್ಲಾ ಯೂಟ್ಯೂಬಿನ್ಯಾಗ ಸಿಗತೈತಿ" ಅಂದ ಮಾಮಾ. ಎಲ್ಲಾ ಸಿಗೂದಿಲ್ಲ. ಸಿಗೋದೂ ಯಾರೋ ಒಬ್ಬರು ರೆಕಾರ್ಡ್ ಉಳಿಸಿದ್ದಕ್ಕ ಸಿಗತೈತಿ. ಗಂಗೂಬಾಯಿ ಹಾನಗಲ್ ಅವರ ಮೊದಲಿನ ಎಚ್‌ಎಂವಿ ರೆಕಾರ್ಡುಗಳ ಮೇಲೆ ಇದ್ದ ಹೆಸರು ಗಾಂಧಾರಿ. ಗೊತ್ತಿಲ್ಲದವರು ಅದನ್ನ ಕಂಡ್ರ 'ಯಾರಿಕಿ' ಅಂತ ತೂಕಕ್ಕ ಹಾಕ್ತಾರ.

ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ್ದು ಇಲ್ಲೇ ನಮ್ಮ ಸುಳೇಭಾವಿಯೊಳಗ. ಅವರ ಹೆಸರಿನ ರಂಗಮಂದಿರದಾಗ ಗ್ಯಾದರಿಂಗ್ ಡ್ಯಾನ್ಸ್ ನೋಡ್ತೀವಿ, ಅವರ ಹಾಡು ಒಂದೂ ಪೂರಾ ಕೇಳಿರೂದಿಲ್ಲ. ನಾನೂ ಕೇಳಿರಲಿಲ್ಲ. ಹಳೇ ರೆಕಾರ್ಡಿನ ಒಂದು ಮಗ್ಗುಲಂದ್ರ ಬರೇ 3 ನಿಮಿಷ, ನಾಲ್ಕೈದು ರೀಲ್ಸಿನ ಹೊತ್ತು!

ಅಕೌಂಟ್ಸ್ ಲೆಕ್ಕದಾಗ ಡಿಪ್ರಿಸಿಯೇಶನ್ ಹಾಕಿದ್ರ ಅಜ್ಜನ ಪೆಟ್ಟಿಗಿ ಬೆಲೆ ಸೊನ್ನೆ. ಆದ್ರ ಹೋದ ಅರ್ಧ ಎಷ್ಟು ರೊಕ್ಕ ಕೊಟ್ರೂ ವಾಪಸ್ ಬರೂದಿಲ್ಲ.

ಇವತ್ತೇ ಅಟ್ಟ ಹತ್ತಿ ನೋಡ್ರಿ. ಲೇಬಲ್ ಫೋಟೊ ನನಗ ಕಳಸ್ರಿ. ಪ್ಲೇಯರ್ ಇಲ್ಲಾಂದ್ರೂ ನಡೀತೈತಿ. ನನ್ನ ಹತ್ರಾನೂ ಇಲ್ಲ, 78 ನುಡಿಸೋದು ಹುಡುಕಾಕ್ಹತ್ತೀನಿ.